ದನ ಕಾಯುತ್ತಿದ್ದ ಅಪ್ಪಯ್ಯನ ಕಂಬಳಿ, ಮರಗಂಟೆ, ಕಣ್ಣಿ: ದೊಡ್ಡಹಬ್ಬದೊಳಗೆ ಸರಿಮಾಡಬೇಕು, ದಾರಿ ಹೇಳಿ

ಗೋಧೂಳಿ, ಹೊಸನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯ ಊರ ದನ ಕಾಯ್ದವರು. ಈಗ ಮೊಣಕಾಲು ಸೋತು ಜಗಲಿಯಲ್ಲೇ ಕೂರುತ್ತಾರೆ. ಅವರ ಸಾಮಾನನ್ನೆಲ್ಲ ಅಟ್ಟದಿಂದ ಇಳಿಸಿದ್ದೇನೆ. ಈ ಸಲದ ದೊಡ್ಡಹಬ್ಬದ, ಅಂದರೆ ದೀಪಾವಳಿಯ, ಗೋಪೂಜೆಗೆ ಅಣ್ಣನ ಮನೆಯ ನಾಲ್ಕು ಮಲೆನಾಡು ಗಿಡ್ಡ ದನಕ್ಕೆ ಇವನ್ನೇ ಕಟ್ಟಿ, ಅಪ್ಪಯ್ಯನ ಕೈಯಿಂದಲೇ ದನ ಬಿಡಿಸಬೇಕು ಅಂತಿದೆ. ಅಲ್ಲಿಯವರೆಗೆ ಅವರಿಗೆ ತಿಳಿಯಬಾರದು, ಹಾಗಾಗಿ ಅವರನ್ನೇ ಕೇಳುವ ಹಾಗಿಲ್ಲ. ಹಬ್ಬಕ್ಕೆ ಇನ್ನು ಐದು ವಾರ ಇದೆ.

ಮೊದಲನೆಯದು ಕರಿ ಕಂಬಳಿ. ಉದ್ದ ಆರೂವರೆ ಅಡಿ, ಅಗಲ ನಾಲ್ಕಡಿ, ತೂಕ ಎರಡು ಕಿಲೋ. ಎರಡು ಕಡೆ ನುಸಿ ತಿಂದ ತೂತು. ಮನೆಯಲ್ಲಿ ಯಾರೋ ಸೋಪಿನ ಪುಡಿ ಹಾಕಿ ಮೆಷಿನ್ನಿನಲ್ಲಿ ತಿರುಗಿಸಿಬಿಟ್ಟಿದ್ದಾರೆ. ಆಗ ಆಷಾಢದ ಮಳೆ ದಿನವಿಡೀ ಹೊಯ್ದರೂ ಅಪ್ಪಯ್ಯನ ಅಂಗಿ ನೆನೆಯುತ್ತಿರಲಿಲ್ಲ. ಈಗ ಒಂದು ಚೊಂಬು ನೀರು ಹೊಯ್ದರೆ ಆಚೆ ಬದಿಗೆ ಇಳಿಯುತ್ತದೆ. ಮಳೆಗೆ ತಲೆಯಿಂದ ಹೊದೆಯುವ ಕೊಪ್ಪೆ ಮಾಡುವಾಗ ಎಲ್ಲಿ ಮಡಿಸಿ ಎಲ್ಲಿ ಕಡ್ಡಿ ಚುಚ್ಚುತ್ತಿದ್ದರು ಅನ್ನುವುದೂ ನನಗೆ ಗೊತ್ತಿಲ್ಲ. ಆ ಕೊಪ್ಪೆಯೊಳಗೆ ಅವರ ಪಕ್ಕಕ್ಕೆ ನಿಂತರೆ ಬರುತ್ತಿದ್ದ ಹೊಗೆ, ಕುರಿಯ ವಾಸನೆ ಮಾತ್ರ ಗೊತ್ತು.

ಎರಡನೆಯದು ಗೇಣುದ್ದದ ಮರಗಂಟೆ. ಬಾಯಿಯಿಂದ ಮೇಲಕ್ಕೆ ಎರಡಿಂಚು ಸೀಳಿದೆ. ಒಳಗಿನ ಎರಡು ನಾಲಿಗೆಯಲ್ಲಿ ಒಂದು ಇಲ್ಲ. ಇದರ ಸದ್ದು ಗದ್ದೆಯಾಚೆ ಕೇಳಿದರೆ ಅಮ್ಮ ಬಚ್ಚಲೊಲೆಗೆ ಕಟ್ಟಿಗೆ ದೂಡುತ್ತಿದ್ದಳು. ಈಗ ಅಲ್ಲಾಡಿಸಿದರೆ ಒಡಕು ಮಡಕೆ ಬಡಿದ ಹಾಗಿದೆ.

ಮೂರನೆಯದು ಪುಂಡಿನಾರಿನ ಕಣ್ಣಿ, ದನದ ಕೊರಳಿಗೆ ಹಾಕುವ ಹಗ್ಗ. ಮುಟ್ಟಿದರೆ ಉದುರುತ್ತದೆ, ಹೊಸದು ಹೊಸೆಯಬೇಕು.

ಇನ್ನೆರಡು ಸಂಗತಿ ಕೇಳುವುದಿದೆ. ಅವರ ಸೊಂಟದ ಚೀಲದಲ್ಲಿ ಉಪ್ಪು, ಸುಣ್ಣ, ಹೊಗೆಸೊಪ್ಪು, ತುದಿಗೆ ಬಟ್ಟೆ ಸುತ್ತಿದ ಒಂದು ಕಡ್ಡಿ ಇರುತ್ತಿತ್ತು. ಅಪ್ಪಯ್ಯ ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವವರಲ್ಲ, ಮತ್ತೆ ಇದೆಲ್ಲ ಯಾಕೆ? ಸಂಜೆ ಕೊಟ್ಟಿಗೆಯ ದಣಪೆಯಲ್ಲಿ ನಿಂತು ಒಂದೊಂದು ದನದ ಕಿವಿ, ಗಂಗೆದೊಗಲು, ಬಾಲದ ಬುಡ ಸವರಿಯೇ ಒಳಗೆ ಬಿಡುತ್ತಿದ್ದರು. ಮುದ್ದು ಮಾಡುತ್ತಿದ್ದಾರೆ ಅಂತ ನಾನು ತಿಳಿದಿದ್ದೆ. ಅದಕ್ಕೂ ಬೇರೆ ಕಾರಣ ಇತ್ತೇ?

ಕರಿಕಂಬಳಿ, ಶಿಕಾರಿಪುರ

ಅಕ್ಕಾ, ಕಂಬಳಿ ಕೆಟ್ಟಿಲ್ಲ, ಜಿಡ್ಡು ಕಳಕೊಂಡಿದೆ. ಕುರಿಯ ಉಣ್ಣೆಗೆ ಮೈಯ ಜಿಡ್ಡು ಹತ್ತಿಕೊಂಡೇ ಇರುತ್ತದೆ. ಮಳೆನೀರು ಎಳೆಯೊಳಗೆ ಇಳಿಯದೆ ಮೇಲಿನಿಂದ ಜಾರಿ ಹೋಗುವುದು ಅದರಿಂದ. ಸೋಪಿನ ಪುಡಿ ಆ ಜಿಡ್ಡನ್ನು ತೊಳೆದುಹಾಕಿದೆ. ಬಿಸಿನೀರು ಹಾಕಿಲ್ಲ ಅನ್ನಿಸುತ್ತದೆ, ಹಾಕಿದ್ದರೆ ಅಗಲ ನಾಲ್ಕಡಿ ಉಳಿಯುತ್ತಿರಲಿಲ್ಲ, ಕುಗ್ಗಿ ರಟ್ಟಾಗುತ್ತಿತ್ತು.

ಮೊದಲು ನುಸಿ ತೆಗೆಯಿರಿ. ಬಿಸಿಲಿಗೆ ಹಾಕಿ ಬ್ರಷ್ಷಿನಿಂದ ಎರಡೂ ಮುಖ ಉಜ್ಜಿ ಮೊಟ್ಟೆ, ಮರಿ ಉದುರಿಸಿ. ನಡುವಿನ ಹೊಲಿಗೆಯ ಸಂದಿಯಲ್ಲಿ ಮರಿ ಅಡಗಿರುತ್ತದೆ, ಅಲ್ಲಿ ಬೆರಳಾಡಿಸಿ ನೋಡಿ. ದೊಡ್ಡ ಫ್ರೀಜರ್ ಸಿಕ್ಕರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬೇವಿನ ಸೊಪ್ಪು, ಬಜೆಬೇರು ಹೊಸ ನುಸಿ ಬಾರದ ಹಾಗೆ ತಡೆಯುತ್ತವೆಯೇ ಹೊರತು ಒಳಗಿರುವುದನ್ನು ಕೊಲ್ಲುವುದಿಲ್ಲ. ತೂತಿಗೆ ಬಟ್ಟೆಯ ತೇಪೆ ಬೇಡ, ಒದ್ದೆಯಾದಾಗ ಎರಡರ ಎಳೆತ ಬೇರೆಯಾಗಿ ಸುತ್ತ ಹರಿಯುತ್ತದೆ. ಕಂಬಳಿಯದೇ ಅಂಚಿನ ದಸಿಯಿಂದ ನಾಲ್ಕು ಎಳೆ ಬಿಡಿಸಿ ದಬ್ಬಳದಲ್ಲಿ ಅಡ್ಡಕ್ಕೂ ಉದ್ದಕ್ಕೂ ನೇಯ್ದು ಮುಚ್ಚಿ.

ಆಮೇಲೆ ಜಿಡ್ಡು ಕೊಡುವುದು. ಕೆಮಿಕಲ್ ಅಂಗಡಿಯಲ್ಲಿ ಲ್ಯಾನೋಲಿನ್ ಅಂತ ಕೇಳಿ, ಅದು ಉಣ್ಣೆಯದೇ ಜಿಡ್ಡು. ಎರಡು ಕಿಲೋ ಕಂಬಳಿಗೆ 30 ಗ್ರಾಂ ಸಾಕು. ಒಂದು ಲೀಟರ್ ಕುದಿಯುವ ನೀರಿಗೆ ಒಂದು ಚಮಚ ಶಾಂಪೂ, ಲ್ಯಾನೋಲಿನ್ ಹಾಕಿ ಹಾಲಿನ ಹಾಗೆ ಬೆಳ್ಳಗಾಗುವವರೆಗೆ ಕಡೆಯಿರಿ. ಮೇಲೆ ಜಿಡ್ಡಿನ ಕಣ್ಣು ತೇಲುತ್ತಿದ್ದರೆ ಇನ್ನೂ ಬೆರೆತಿಲ್ಲ ಎಂದರ್ಥ. ಹಾಗೇ ಮುಳುಗಿಸಿದರೆ ಕಂಬಳಿಯ ಮೇಲೆ ಅಲ್ಲಲ್ಲಿ ಮೇಣದ ಕಲೆ ಕೂರುತ್ತದೆ. ಬೆರೆತ ಮೇಲೆ 12 ಲೀಟರ್ ಉಗುರುಬೆಚ್ಚಗಿನ ನೀರಿಗೆ ಸೇರಿಸಿ, ಮೊದಲೇ ನೀರಿನಲ್ಲಿ ನೆನೆಸಿಟ್ಟ ಕಂಬಳಿಯನ್ನು ರಾತ್ರಿ ಪೂರ್ತಿ ಮುಳುಗಿಸಿಡಿ. ಒಣ ಕಂಬಳಿ ಹಾಕಿದರೆ ಮೊದಲು ಮುಟ್ಟಿದ ಭಾಗವೇ ಎಲ್ಲ ಹೀರುತ್ತದೆ. ಬೆಳಿಗ್ಗೆ ಹಿಂಡಬೇಡಿ, ಒತ್ತಿ ನೀರಿಳಿಸಿ, ನೆರಳಲ್ಲಿ ಮಲಗಿಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದ ಜೋಲುತ್ತದೆ. ಒಣಗಿದ ಮೇಲೆ ಒಂದು ಚೊಂಬು ನೀರು ಹೊಯ್ದು ನೋಡಿ. ಹನಿ ಮಣಿಯಾಗಿ ಉರುಳದಿದ್ದರೆ ಇನ್ನೊಮ್ಮೆ ಅದ್ದಿ.

ಹುಣಸೆಬೀಜದ ಗಂಜಿ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ನೇಯುವ ಮುಂಚೆ ಹಾಸಿನ ನೂಲಿಗೆ ಕೊಡುವುದು. ಹಳೆಯ ಕಂಬಳಿಯ ಮೇಲೆ ಬಳಿದರೆ ಹುಳಕ್ಕೆ ಊಟ ಇಟ್ಟ ಹಾಗೆ.

ಕೊಪ್ಪೆಗೆ ಕಂಬಳಿಯನ್ನು ಉದ್ದುದ್ದಕ್ಕೆ ಎರಡಾಗಿ ಮಡಿಸಿ. ನಾಲ್ಕಡಿಯ ಅಂಚು ಈಗ ಎರಡಡಿಯಾಗಿ ಜೋಡಿ ಬಂತಲ್ಲ, ಆ ಜೋಡಿ ಅಂಚನ್ನು ಬಿದಿರುಕಡ್ಡಿಯಿಂದ ಪೋಣಿಸಿದರೆ ತಲೆಗೆ ಟೋಪಿ ಆಯಿತು. ಮಡಿಕೆಯ ಮೂಲೆ ನೆತ್ತಿಯ ಹಿಂದೆ ಚೂಪಾಗಿ ನಿಲ್ಲಬೇಕು, ನೀರು ಅಲ್ಲಿಂದ ಬೆನ್ನಿಗೆ ಜಾರುತ್ತದೆ. ಕಡ್ಡಿ ಅಂಚಿಗೆ ತೀರಾ ಹತ್ತಿರ ಇದ್ದರೆ ಎಳೆ ಕಿತ್ತು ಬರುತ್ತದೆ. ನಿಮ್ಮಪ್ಪಯ್ಯನ ಮಡಿಕೆ ಎಲ್ಲಿತ್ತು ಅಂತ ಕಂಬಳಿಯೇ ಹೇಳೀತು. ಬಿಸಿಲಿಗೆ ಅಡ್ಡ ಹಿಡಿದು ಅಂಚು ನೋಡಿ. ವರ್ಷಗಟ್ಟಲೆ ಒಂದೇ ಕಡೆ ಚುಚ್ಚಿದ್ದರೆ ಸವೆದ ತೂತು ಜೋಡಿಜೋಡಿಯಾಗಿ ಕಾಣುತ್ತದೆ. ಅದನ್ನು ನುಸಿತೂತು ಅಂತ ಮುಚ್ಚಿಬಿಡಬೇಡಿ.

ಉಳಿಸುತ್ತಿಗೆ, ತೀರ್ಥಹಳ್ಳಿ

ಗಂಟೆ ಯಾವ ಮರದ್ದು ಮೊದಲು ನೋಡಿಕೊಳ್ಳಿ. ಒಳಗೆ ಸ್ವಲ್ಪ ಕೆರೆದಾಗ ಹಳದಿ ಕಂಡರೆ ಹಲಸು. ಬಿಳಿಚಾಗಿ, ಕೈಗೆ ಹಗುರ ಇದ್ದರೆ ಶಿವನೆ. ಎರಡೂ ಒಳ್ಳೆಯ ನಾದದ ಮರ, ಆದರೆ ಹಲಸಿನ ಸೀಳು ಬೇಗ ಮುಂದಕ್ಕೆ ಓಡುತ್ತದೆ.

ಮೊಳೆ ಹೊಡೆಯಬೇಡಿ, ತಗಡಿನ ಪಟ್ಟಿ ಕಟ್ಟಬೇಡಿ. ಮೊಳೆ ಹೊಸ ಸೀಳು ತರುತ್ತದೆ, ಪಟ್ಟಿ ನಾದ ಅಮುಕುತ್ತದೆ. ಗಂಟೆಯನ್ನು ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿ ಎರಡು ವಾರ ಒಣಗಲು ಬಿಡಿ. ಒಲೆಯ ಹತ್ತಿರ ಇಟ್ಟರೆ ಹೊರಮೈ ಮೊದಲು ಒಣಗಿ ಸೀಳು ಇನ್ನೂ ಬಾಯಿ ಬಿಡುತ್ತದೆ. ಒಣಗಿದ ಮೇಲೆ ಸೀಳು ಎಲ್ಲಿ ಮುಗಿಯುತ್ತದೋ ಸರಿಯಾಗಿ ಆ ತುದಿಗೆ 2 ಮಿಲಿಮೀಟರಿನ ಸಣ್ಣ ತೂತು ಕೊರೆಯಿರಿ. ಸೀಳು ಮುಂದೆ ಹೋಗದೆ ಅಲ್ಲಿಗೆ ನಿಲ್ಲುತ್ತದೆ. ತೂತು ಒಂದು ಕೂದಲೆಳೆ ಪಕ್ಕಕ್ಕೆ ಬಿದ್ದರೂ ಪ್ರಯೋಜನವಿಲ್ಲ, ಸೀಳು ಅದರ ಬದಿಯಿಂದ ದಾಟುತ್ತದೆ. ಸೀಳಿನೊಳಗಿನ ಧೂಳು, ಎಣ್ಣೆಯನ್ನು ತೆಳು ಬ್ಲೇಡಿನಿಂದ ತೆಗೆದು, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಅಂಟಿಗೆ ಅದೇ ಜಾತಿಯ ಮರದ ನುಣ್ಣನೆ ಹೊಟ್ಟು ಕಲಸಿ ತುಂಬಿ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಒಂದು ದಿನ ಬಿಡಿ. ಐದು ನಿಮಿಷಕ್ಕೆ ಹಿಡಿಯುವ ಅಂಟು ಬೇಡ, ಒಳಕ್ಕೆ ಇಳಿಯುವ ಮೊದಲೇ ಕಲ್ಲಾಗುತ್ತದೆ. ಹೊರಮೈಗೆ ಹೊಂಗೆ ಎಣ್ಣೆ ಒಂದು ಕೈ ಸವರಿ. ವಾರ್ನಿಷ್ ದಪ್ಪಕ್ಕೆ ಬಳಿದರೆ ಸದ್ದು ಮಂಕಾಗುತ್ತದೆ.

ನಾಲಿಗೆ ಗಂಟೆಗಿಂತ ಗಟ್ಟಿ ಮರದ್ದಾಗಬೇಕು. ಹುಣಸೆಯ ಚೇಗು ಸಿಕ್ಕರೆ ಬೇರೆ ಯೋಚನೆ ಬೇಡ. ಉಳಿದಿರುವ ಹಳೆಯ ನಾಲಿಗೆಯನ್ನೇ ಅಳತೆಗೆ ಇಟ್ಟುಕೊಳ್ಳಿ. ತೂಗಿದಾಗ ಅದರ ತುದಿ ಗಂಟೆಯ ಬಾಯಿಯಿಂದ ಅರ್ಧ ಇಂಚು ಕೆಳಗೆ ಇಣುಕಬೇಕು, ಬಡಿತ ಅಂಚಿಗೇ ಬೀಳಬೇಕು. ಗಿಡ್ಡವಾದರೆ ನಡುಗೋಡೆಗೆ ಬಡಿದು ಸದ್ದು ಒಳಗೇ ಸಾಯುತ್ತದೆ. ಭಾರವಾದರೆ ನೀವು ಮುಚ್ಚಿದ ಸೀಳನ್ನೇ ಒಡೆಯುತ್ತದೆ. ಹಾಗಾಗಿ ಎರಡು ನಾಲಿಗೆಯನ್ನೂ ಸೀಳಿನ ಕಡೆಗೆ ತೂಗದ ಹಾಗೆ ಪೋಣಿಸಿ, ಮೇಲಿನ ತೂತುಗಳಲ್ಲಿ ದಾರ ಹಾಯಿಸುವಾಗ ಗಂಟೆಯನ್ನು ತಿರುಗಿಸಿ ನೋಡಿದರೆ ತಿಳಿಯುತ್ತದೆ.

ಕೊರಳಿಗೆ ಕಟ್ಟುವ ದಾರದ ಬಗ್ಗೆ ಒಂದು ಮಾತು, ಇದರಲ್ಲಿ ತಪ್ಪಬೇಡಿ. ಅದು ತೆಳ್ಳಗಿರಬೇಕು, ಜೋರಾಗಿ ಎಳೆದರೆ ಹರಿಯಬೇಕು. ದನ ಮಟ್ಟಿಯಲ್ಲಿ ನುಗ್ಗಿದಾಗ ಗಂಟೆ ಕವಲಿಗೆ ಸಿಕ್ಕಿಕೊಂಡರೆ ದಾರ ಹರಿದು ಗಂಟೆ ಹೋಗಲಿ, ದನ ಉಳಿಯಲಿ. ನೈಲಾನಿನಲ್ಲಿ ಕಟ್ಟಿದರೆ ಕೊರಳು ಬಿಗಿದು ಅಲ್ಲೇ ನಿಲ್ಲುತ್ತದೆ. ಉದ್ದ ಗಂಟಲ ಕೆಳಗೆ ನಾಲ್ಕು ಬೆರಳಷ್ಟು. ಅದಕ್ಕಿಂತ ಇಳಿದರೆ ನಡೆಯುವಾಗ ಮೊಣಕಾಲಿಗೆ ಬಡಿಯುತ್ತದೆ.

ನಾಲ್ಕು ದನಕ್ಕೆ ಒಂದೇ ಗಂಟೆಯಾದರೆ ಮುಂದೆ ನಡೆಯುವ ಹಸುವಿಗೆ ಕಟ್ಟಿ. ಕಾನಿನಲ್ಲಿ ಇಪ್ಪತ್ತು ಮಾರು ದೂರದ ದನ ಕಣ್ಣಿಗೆ ಬೀಳುವುದಿಲ್ಲ, ಕಾಯುವವರು ನೋಡುವುದೇ ಕಿವಿಯಿಂದ. ಬಿಟ್ಟುಬಿಟ್ಟು ಒಂದೊಂದು ಬಡಿತ ಬಂದರೆ ಮೇಯುತ್ತಿದೆ, ಒಂದೇ ಸಮ ಬಂದರೆ ನಡೆಯುತ್ತಿದೆ, ಗಡಗಡ ಅಂದರೆ ಏನನ್ನೋ ಕಂಡು ಓಡಿದೆ. ಬಹಳ ಹೊತ್ತು ಸದ್ದೇ ಇಲ್ಲದಿದ್ದರೆ ಮಲಗಿರಬಹುದು, ಸಿಕ್ಕಿಬಿದ್ದಿರಲೂಬಹುದು. ಎದ್ದು ಹೋಗಿ ನೋಡಲೇಬೇಕಾದ್ದು ಆಗಲೇ.

ಕೊಟ್ಟಿಗೆ ಡಾಕ್ಟ್ರು, ಸಾಗರ

ಚೀಲದ ವಿಚಾರಕ್ಕೆ ಬರುತ್ತೇನೆ. ಸುಣ್ಣ ಹೊಗೆಸೊಪ್ಪು ಇಂಬಳಕ್ಕೆ, ಅಂದರೆ ಜಿಗಣೆಗೆ. ಎರಡನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಒದ್ದೆ ಮಾಡಿ ಪಾದ, ಮೀನಖಂಡಕ್ಕೆ ಒರೆಸಿಕೊಂಡರೆ ಇಂಬಳ ಹತ್ತುವುದಿಲ್ಲ. ಕಡ್ಡಿ ದನದ ಮೂಗಿನ ಇಂಬಳಕ್ಕೆ. ಇದನ್ನು ಬಿಡಿಸಿ ಹೇಳಬೇಕು, ಈಗಿನವರಿಗೆ ಇದರ ಪರಿಚಯವೇ ತಪ್ಪಿದೆ.

ನಿಂತ ನೀರಿನ ಹೊಂಡದಲ್ಲಿ ದನ ನೀರು ಕುಡಿಯುವಾಗ ದಾರದಷ್ಟು ಸಣ್ಣ ಇಂಬಳ ಮೂಗಿನೊಳಗೆ ಸೇರಿ ಅಲ್ಲೇ ಉಬ್ಬುತ್ತದೆ. ಒಂದೇ ಹೊಳ್ಳೆಯಿಂದ ತೆಳುವಾಗಿ ರಕ್ತ, ತಲೆ ಕೊಡವುವುದು, ಗೊರಗೊರ ಉಸಿರು ಇದರ ಗುರುತು. ದನಕ್ಕೆ ಅರ್ಧ ದಿನ ನೀರು ಕೊಡದೆ, ಆಮೇಲೆ ಬಕೆಟ್ಟಿನಲ್ಲಿ ತಿಳಿನೀರು ತಂದು ಮೂತಿಯ ಹತ್ತಿರ ಹಿಡಿಯಿರಿ. ನೀರಿನ ತಂಪಿಗೆ ಇಂಬಳ ಹೊಳ್ಳೆಯಿಂದ ಹೊರಕ್ಕೆ ಚಾಚುತ್ತದೆ. ಬರಿಗೈಗೆ ಜಾರುತ್ತದೆ, ಉಪ್ಪು ಸವರಿದ ಒಣಬಟ್ಟೆಯಲ್ಲಿ ಹಿಡಿದು ನಿಧಾನ ಎಳೆಯಬೇಕು. ಕಿತ್ತರೆ ಬಾಯಿಯ ಭಾಗ ಒಳಗೇ ಉಳಿದು ಹುಣ್ಣಾಗುತ್ತದೆ. ಹೊರಗೆ ಬರದಿದ್ದರೆ ಕಡ್ಡಿಯ ಬಟ್ಟೆಯನ್ನು ಉಪ್ಪುನೀರಿನಲ್ಲಿ ಅದ್ದಿ ಮುಟ್ಟಿಸುವುದು, ಅರ್ಧ ಲೀಟರಿಗೆ ಎರಡು ಚಮಚ ಉಪ್ಪು. ಹೊಗೆಸೊಪ್ಪಿನ ನೀರನ್ನು ಮಾತ್ರ ಮೂಗಿಗೆ ಬಿಡಬೇಡಿ. ಅದರ ವಿಷ ಮೂಗಿನ ತೆಳು ಚರ್ಮದಿಂದ ನೇರ ರಕ್ತಕ್ಕೆ ಸೇರುತ್ತದೆ. ಹರಿಯುವ ನೀರಿನಲ್ಲಿ ಕುಡಿಸಿದರೆ ಈ ತಾಪತ್ರಯವೇ ಬಹುಮಟ್ಟಿಗೆ ಇಲ್ಲ.

ಉಪ್ಪಿಗೆ ಇನ್ನೂ ಎರಡು ಕೆಲಸ. ಹುಲ್ಲು ಸೊಪ್ಪಿನಲ್ಲಿ ದನಕ್ಕೆ ಬೇಕಾದಷ್ಟು ಉಪ್ಪಿನಂಶ ಇರುವುದಿಲ್ಲ. ಗಿಡ್ಡ ಹಸುವಿಗೆ ದಿನಕ್ಕೆ 10ರಿಂದ 15 ಗ್ರಾಂ ಅಕ್ಕಚ್ಚಿನಲ್ಲಿ ಕೊಟ್ಟರೆ ಸಾಕು. ಮತ್ತೆ, ಕೈಯಲ್ಲಿ ಉಪ್ಪು ನೆಕ್ಕಿದ ದನ ಅದೇ ಕೂಗಿಗೆ ಗುಡ್ಡದಿಂದ ತಾನೇ ಇಳಿದು ಬರುತ್ತದೆ.

ಇನ್ನು ದಣಪೆಯಲ್ಲಿ ಸವರುತ್ತಿದ್ದದ್ದು. ನಿಮ್ಮಪ್ಪಯ್ಯ ಹುಡುಕುತ್ತಿದ್ದದ್ದು ಉಣುಗು, ದನದ ಮೈಗೆ ಕಚ್ಚಿ ಕೂರುವ ಹುಳ. ಕಿವಿಯ ಒಳಮೈ, ಗಂಗೆದೊಗಲಿನ ಮಡಿಕೆ, ಮುಂಗಾಲಿನ ಕಂಕುಳು, ಕೆಚ್ಚಲು, ಬಾಲದ ಬುಡ ಅವು ಕೂರುವ ಜಾಗ. ನೀವು ಹೇಳಿದ ಜಾಗಗಳೂ ಅವೇ. ಕೊಟ್ಟಿಗೆಯೊಳಗೆ ಹೋದ ಹೆಣ್ಣು ಉಣುಗು ರಕ್ತ ಕುಡಿದು ಉದುರಿ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬಾಗಿಲಲ್ಲೇ ತೆಗೆದರೆ ಅಷ್ಟು ಸಂಸಾರ ಕಮ್ಮಿ.

ನಮ್ಮ ಜಿಲ್ಲೆಗೆ ಇದು ಇನ್ನೂ ಮುಖ್ಯ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮನುಷ್ಯರಿಗೆ ತರುವುದು ಹೆಚ್ಚಾಗಿ ಉಣುಗಿನ ಮರಿ, ಎಳ್ಳಿಗಿಂತ ಸಣ್ಣದು. ದನಕ್ಕೆ ಆ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳು ದನದ ರಕ್ತದಲ್ಲೇ ಬೆಳೆದು ಹೆಚ್ಚುತ್ತವೆ. ಮರಿಗಳ ಕಾಲ ನವೆಂಬರಿನಿಂದ ಮೇ ತನಕ. ದೊಡ್ಡಹಬ್ಬ ಬರುವುದು ಸರಿಯಾಗಿ ಅದರ ಬಾಗಿಲಿಗೆ. ಅಪ್ಪಯ್ಯ ಬ್ಯಾಣದವರೆಗೆ, ಅಂದರೆ ಹುಲ್ಲುಗಾವಲಿನವರೆಗೆ, ಹೋಗುವುದಾದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ ಕಳಿಸಿ. ಬಂದ ಮೇಲೆ ಬಿಸಿನೀರು, ಸೋಪಿನ ಸ್ನಾನ ಮಾಡಿಸಿ. ಉಟ್ಟ ಬಟ್ಟೆಯನ್ನು ಬಿಸಿನೀರಿಗೇ ಹಾಕಿ. ಕಂಬಳಿಯನ್ನು ತರಗೆಲೆಯ ಮೇಲೆ ಹಾಸಿ ಕೂರಲು ಬಿಡಬೇಡಿ. ಹೋಗಿ ಬಂದ ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಕಂಡರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಉಣುಗನ್ನು ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕಿ. ಉಗುರಿನಲ್ಲಿ ಕುಟ್ಟಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಬಹಳ ಇದ್ದರೆ ಬೆನ್ನಿಗೆ ಹೊಯ್ಯುವ 1% ಫ್ಲುಮೆಥ್ರಿನ್ ಔಷಧಿ ಇದೆ, 10 ಕೆಜಿ ತೂಕಕ್ಕೆ 1 ಮಿ.ಲೀ. ತಪ್ಪಾಗುವುದು ಅಳತೆಯಲ್ಲಿ. ಗಿಡ್ಡ ಹಸು ತೂಗುವುದು 80ರಿಂದ 120 ಕೆಜಿ. ಜೆರ್ಸಿಗೆ ಹೊಯ್ದಷ್ಟನ್ನೇ ಇದಕ್ಕೂ ಹೊಯ್ದರೆ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ನಿಮ್ಮ ಪಶುವೈದ್ಯರನ್ನು ಕೇಳಿ, ಹಬ್ಬಕ್ಕೆ ಒಂದು ವಾರ ಮೊದಲೇ ಒಣ ಮೈಗೆ ಹಾಕಿ. ಹಬ್ಬದ ಹಿಂದಿನ ದಿನ ಹಾಕಿ ಬೆಳಿಗ್ಗೆ ಮೈ ತೊಳೆದರೆ ಔಷಧಿಯೆಲ್ಲ ಬಚ್ಚಲಿಗೆ.

ಪುಂಡಿನಾರು, ಸೊರಬ

ಐದು ವಾರ ಇದೆಯಲ್ಲ, ಬೇಕಾದಷ್ಟಾಯಿತು. ಪುಂಡಿ ಹೂ ಬಿಡುವ ಹೊತ್ತಿಗೆ ಕೊಯ್ದರೆ ನಾರು ಮೆದು, ಬೀಜ ಕಟ್ಟಿದ ಮೇಲೆ ಒರಟು. ಎಲೆ ಸವರಿ ಕಟ್ಟು ಕಟ್ಟಿ ಕೆರೆಯಲ್ಲಿ ಕಲ್ಲು ಹೇರಿ ಮುಳುಗಿಸಿ. 10ರಿಂದ 15 ದಿನ. ಹತ್ತನೇ ದಿನದಿಂದ ದಿನಾ ಒಂದು ದಂಟು ಎಳೆದು ನೋಡಬೇಕು. ಬುಡದಿಂದ ಸಿಪ್ಪೆ ಸಲೀಸಾಗಿ ಜಾರಿ ಬಂದ ದಿನವೇ ತೆಗೆಯಿರಿ. ಎರಡು ದಿನ ತಡೆದರೆ ನಾರು ಕೊಳೆತು ಕಪ್ಪಾಗಿ ಬಲ ಹೋಗುತ್ತದೆ.

ಒಂದು ಕಣ್ಣಿಗೆ ಕಾಲು ಕಿಲೋ ಒಣ ನಾರು ಇಟ್ಟುಕೊಳ್ಳಿ. ಮೂರು ಎಳೆ, ಒಂದೊಂದು ಐದು ಮೊಳ. ಹೊಸೆದ ಮೇಲೆ ಮೂರೂವರೆ ಮೊಳಕ್ಕೆ ಇಳಿಯುತ್ತದೆ. ಒಂದೊಂದೇ ಎಳೆಯನ್ನು ಬಲಕ್ಕೆ ಹುರಿ ಮಾಡಿ, ಮೂರನ್ನೂ ಸೇರಿಸಿ ಎಡಕ್ಕೆ ತಿರುವಬೇಕು. ಎರಡೂ ಒಂದೇ ಕಡೆಗೆ ತಿರುವಿದರೆ ಕೈ ಬಿಟ್ಟ ಕ್ಷಣ ಬಿಚ್ಚಿಕೊಳ್ಳುತ್ತದೆ. ಹೊಸಬರ ಹಗ್ಗ ಹರಿಯುವುದು ಎಳೆತದ ತಪ್ಪಿನಿಂದ. ಮೂರರಲ್ಲಿ ಒಂದು ಬಿಗಿ ಆದರೆ ಅದು ನೆಟ್ಟಗೆ ನಡುವೆ ನಿಂತು ಉಳಿದೆರಡು ಅದಕ್ಕೆ ಬಳ್ಳಿಯ ಹಾಗೆ ಸುತ್ತುತ್ತವೆ. ಭಾರವೆಲ್ಲ ಆ ಒಂದರ ಮೇಲೇ. ಹಾಗೆ ಕಂಡರೆ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೊಸೆಯಿರಿ.

ಒಂದು ತುದಿಗೆ ಕಣ್ಣು, ಇನ್ನೊಂದಕ್ಕೆ ಗುಂಡುಗಂಟು. ಗಂಟನ್ನು ಕಣ್ಣಿನಲ್ಲಿ ತೂರಿಸಿದರೆ ಕೊರಳಿಗೆ ಕೂತಿತು. ಜಾರುಗಂಟು ಯಾವತ್ತೂ ಹಾಕಬೇಡಿ, ದನ ಎಳೆದಷ್ಟೂ ಉರುಳಾಗುತ್ತದೆ. ಕೊನೆಗೆ ಹುಲ್ಲಿನ ಉರಿಯ ಮೇಲೆ ಸರಕ್ಕನೆ ಹಾಯಿಸಿ ಮೇಲಿನ ಸುಂಗು ಸುಟ್ಟು, ಒದ್ದೆ ಬಟ್ಟೆಯಲ್ಲಿ ಉಜ್ಜಿ. ಆ ಸುಂಗೇ ಕೊರಳು ಕೆರೆದು ಹುಣ್ಣು ಮಾಡುವುದು. ಹಳೆಯ ಕಣ್ಣಿಯನ್ನು ಎಸೆಯಬೇಡಿ ಅಕ್ಕಾ. ಕಣ್ಣಿನಿಂದ ಗಂಟಿಗೆ ಎಷ್ಟಿದೆ ಅಳೆದುಕೊಳ್ಳಿ, ಗಿಡ್ಡ ದನದ ಕೊರಳಳತೆ ಅದರಲ್ಲೇ ಇದೆ.

ಬ್ಯಾಣದಂಚು, ಸಾಗರ

ಮೇಲಿನವರು ಹೇಳದ ಒಂದು ಮಾತು. ಗಂಟೆ ಕಟ್ಟಿ ಅಭ್ಯಾಸವಿಲ್ಲದ ಹಸುವಿಗೆ ಹಬ್ಬದ ಬೆಳಿಗ್ಗೆಯೇ ಕಟ್ಟಿದರೆ ತನ್ನ ಕೊರಳ ಸದ್ದಿಗೆ ತಾನೇ ಬೆದರಿ ಓಡುತ್ತದೆ. ಮೊಣಕಾಲು ಸೋತವರು ಎದುರಿಗೆ ಇರಬಾರದು. ನಾಲ್ಕೈದು ದಿನ ಮೊದಲು ಕೊಟ್ಟಿಗೆಯಲ್ಲೇ, ಮೇವು ತಿನ್ನುವಾಗ, ನಾಲಿಗೆಗೆ ಬಟ್ಟೆ ಸುತ್ತಿ ಕಟ್ಟಿ. ಮಾರನೇ ದಿನ ಒಂದು ನಾಲಿಗೆ ಬಿಚ್ಚಿ, ಆಮೇಲೆ ಎರಡೂ. ಅಣ್ಣನ ಮನೆಯಲ್ಲಾದರೆ ಅಪ್ಪಯ್ಯನ ಕಿವಿಗೂ ಬೀಳುವುದಿಲ್ಲ.

ಮೈಗೆ ಅಚ್ಚು ಒತ್ತಲು ಕೆಮ್ಮಣ್ಣು, ಸುಣ್ಣ ಬಿಟ್ಟು ಅಂಗಡಿಯ ಬಣ್ಣ ತರಬೇಡಿ, ದನ ಒಂದನ್ನೊಂದು ನೆಕ್ಕುತ್ತವೆ. ಹಣ್ಣಡಿಕೆ, ಚೆಂಡುಹೂವಿನ ಸರವನ್ನು ಬಾಳೆನಾರಿನಲ್ಲಿ ಪೋಣಿಸಿ, ಪ್ಲಾಸ್ಟಿಕ್ ದಾರವಾದರೆ ಹೂವಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅಡಿಕೆಯ ಸಿಂಗಾರವನ್ನು (ಹೂಗೊನೆ) ಅದೇ ಬೆಳಿಗ್ಗೆ ಮರದಿಂದ ಬಿಡಿಸಿ. ಬಿಡುವಾಗ ಗಂಟೆಯ ಹಸು ಮೊದಲು, ಉಳಿದವು ಹಿಂದೆ. ಅಪ್ಪಯ್ಯ ದಣಪೆಯ ಒಳಬದಿಗೆ, ಕಂಬ ಹಿಡಿದು ನಿಲ್ಲಲಿ. ಪಟಾಕಿ ಬೇಡವೇ ಬೇಡ.

ಗೋಧೂಳಿ, ಹೊಸನಗರ

ಎಲ್ಲರಿಗೂ ಕೈಮುಗಿದೆ. ಗಂಟೆ ಶಿವನೆಯದು, ಗೋಣಿ ಸುತ್ತಿಟ್ಟೆ. ಪುಂಡಿ ಕೆರೆಗೆ ಇಳಿದಿದೆ.

ಕರಿಕಂಬಳಿಯವರೇ, ಬಿಸಿಲಿಗೆ ಹಿಡಿದು ನೋಡಿದೆ. ಮೂರು ಜೋಡಿ ತೂತು, ಅಂಚಿನಿಂದ ಮೂರು ಬೆರಳು ಒಳಗೆ, ಸುತ್ತಲಿನ ಎಳೆ ಸವೆದು ನುಣುಪಾಗಿದೆ. ಆದರೆ ಜೋಡಿ ಕೂಡಿಸಿದರೆ ಮಡಿಕೆ ನಡುವಿಗೆ ಬರುವುದಿಲ್ಲ. ಒಂದು ಗೇಣು ಎಡಕ್ಕೆ ಸರಿದಿದೆ, ಬಲಬದಿ ಅಷ್ಟು ಉದ್ದ ಉಳಿಯುತ್ತದೆ. ನಾನು ನಿಲ್ಲುತ್ತಿದ್ದದ್ದು ಅವರ ಬಲಗಡೆ. ಹೀಗೇ ಬಿಡಲೋ, ನೀವು ಹೇಳಿದ ಹಾಗೆ ನಡುವಿಗೆ ತರಲೋ?

ಕರಿಕಂಬಳಿ, ಶಿಕಾರಿಪುರ

ನಡುವಿಗೆ ತರಬೇಡಿ. ಅದೇ ಮೂರು ತೂತಿಗೆ ಹೊಸ ಬಿದಿರುಕಡ್ಡಿ ಹಾಕಿ, ತುದಿಯನ್ನು ಗಾಜಿನ ಚೂರಿನಿಂದ ಹೆರೆದು ನಯ ಮಾಡಿಕೊಳ್ಳಿ. ಜಿಡ್ಡು ಕೊಟ್ಟಾದ ಮೇಲೆ ಒಂದು ರಾತ್ರಿ ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿಡಿ, ಉರಿ ತಾಗದಷ್ಟು ಎತ್ತರಕ್ಕೆ. ಹೊಗೆ ಹಿಡಿಯಲಿ.